ನೇರಳೆ ಶಾಯಿಯ ಮೇಲೊಂದು ಹೊನ್ನ ಮಿರುಗು

ನೇರಳೆ ಶಾಯಿ ಎಂದೊಡನೆ ಹಿರಿಯರಿಗೆ ನೆನಪಾಗುವುದು ಕಚೇರಿಯ ರಬ್ಬರ್ ಸ್ಟಾಂಪು. ಇಲ್ಲವೇ ನಾಲಿಗೆಗೆ ತಾಗಿಸಿ ಬರೆದರೆ ಬೂದು ಬಿಟ್ಟು ನೇರಳೆಗೆ ತಿರುಗುತ್ತಿದ್ದ ಕಾಪಿಯಿಂಗ್ ಪೆನ್ಸಿಲು. ಬಿದ್ದು ಮೊಣಕಾಲು ತರಚಿಕೊಂಡ ಮಕ್ಕಳಿಗೆ ಆಸ್ಪತ್ರೆಯಲ್ಲಿ ಹಚ್ಚುತ್ತಿದ್ದ ಔಷಧವೂ ಅದೇ ಬಣ್ಣದ್ದು. ಮತ ಹಾಕಿ ಬಂದವರ ತೋರುಬೆರಳಿನ ಗುರುತನ್ನಂತೂ ಎಲ್ಲರೂ ಬಲ್ಲರು. ಒಟ್ಟಿನಲ್ಲಿ ನಮ್ಮಲ್ಲಿ ಇದು ಕೆಲಸದ ಬಣ್ಣವಾಗಿತ್ತೇ ಹೊರತು ಶೋಕಿಯ ಬಣ್ಣವಾಗಿರಲಿಲ್ಲ.

ಈಗ ಇಂಕ್ ಪೆನ್ನು ಹಿಡಿಯುವ ವಿದ್ಯಾರ್ಥಿಗಳ ನಡುವೆ ಬೇರೊಂದು ನೇರಳೆಯ ಮಾತು ಕೇಳಿಬರುತ್ತಿದೆ. ಬರೆಯುವಾಗ ಅದು ಅಪ್ಪಟ ನೇರಳೆ ಹಣ್ಣಿನ ಬಣ್ಣ. ಒಣಗಿದ ಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಅಕ್ಷರದ ಅಂಚಿನಲ್ಲಿ, ಕೊಂಬು ತಿರುಗುವಲ್ಲಿ, ಒತ್ತಕ್ಷರ ಮುಗಿಯುವಲ್ಲಿ ಹಸಿರು ಬೆರೆತ ಹೊನ್ನಿನ ಮಿರುಗು! ಹಾಳೆಯನ್ನು ನೇರ ಮಾಡಿದರೆ ಮತ್ತೆ ಬರೀ ನೇರಳೆ. ಪೆನ್ನುಪ್ರಿಯರು ಇದನ್ನು ‘ಶೀನ್’ ಎನ್ನುತ್ತಾರೆ. ನಾವು ಮಿರುಗು ಎಂದೇ ಕರೆಯೋಣ.

ಮನೆಯಲ್ಲಿ ಜಗಳ ಹುಟ್ಟುವುದು ಇಲ್ಲಿಂದಲೇ. ಇಂಥ ಶಾಯಿಗಳಲ್ಲಿ ಹೆಚ್ಚಿನವು ವಿದೇಶದಿಂದ ಬರುವಂಥವು. ಒಂದು ಸೀಸೆಗೆ ಸಾವಿರ ರೂಪಾಯಿ ದಾಟುವುದೂ ಉಂಟು. ‘ಮೂವತ್ತು ರೂಪಾಯಿಯ ಬಾಲ್ ಪೆನ್ನಿನಲ್ಲಿ ಬರೆದರೆ ಪಾಠ ತಲೆಗೆ ಹತ್ತುವುದಿಲ್ಲವೇ?’ ಎಂದು ತಂದೆ ಕೇಳಿದರೆ ಅದು ತಪ್ಪಲ್ಲ. ಮಿರುಗಿನ ಆಸೆಪಟ್ಟ ಮಗಳದ್ದೂ ತಪ್ಪಲ್ಲ. ಇಬ್ಬರಿಗೂ ಗೊತ್ತಿರಬೇಕಾದ ಸಂಗತಿಯೊಂದಿದೆ: ಆ ಮಿರುಗು ಸೀಸೆಯೊಳಗೆ ಪೂರ್ತಿಯಾಗಿ ಇರುವುದೇ ಇಲ್ಲ. ಅರ್ಧದಷ್ಟು ಇರುವುದು ಕಾಗದದಲ್ಲಿ, ನಿಬ್ಬಿನಲ್ಲಿ ಮತ್ತು ಬರೆಯುವವರ ತಾಳ್ಮೆಯಲ್ಲಿ. ಇದು ತಿಳಿಯದೆ ಸಾವಿರ ರೂಪಾಯಿ ಕೊಟ್ಟವರಿಗೆ ಸಿಗುವುದು ಮಾಮೂಲಿ ನೇರಳೆ ಅಕ್ಷರ ಮಾತ್ರ.

ಹುಡುಗನೊಬ್ಬನ ರಜೆಯ ಕೆಲಸ

ನೇರಳೆ ಒಂದು ಕಾಲಕ್ಕೆ ಅರಸರ ಸೊತ್ತು. ಮೆಡಿಟರೇನಿಯನ್ ಸಮುದ್ರದ ಕಡಲ ಬಸವನಹುಳುಗಳಿಂದ ಆ ಬಣ್ಣವನ್ನು ತೆಗೆಯುತ್ತಿದ್ದರು. 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ ಅದರ ಗುಟ್ಟು ತಿಳಿಯಲೆಂದು 12,000 ಹುಳುಗಳಿಂದ ಬಣ್ಣ ತೆಗೆದ. ಕೈಗೆ ಬಂದದ್ದು 1.4 ಗ್ರಾಂ! ಇಂಥ ಬಣ್ಣದಲ್ಲಿ ಶಾಲಾ ಮಕ್ಕಳು ಕಾಪಿ ಬರೆಯುವ ಮಾತೆಲ್ಲಿ ಬಂತು?

ಆದರೆ ಅಷ್ಟು ಹೊತ್ತಿಗಾಗಲೇ ನೇರಳೆ ಬಣ್ಣ ಅರಮನೆಯಿಂದ ಬೀದಿಗೆ ಇಳಿದು ಅರ್ಧ ಶತಮಾನವಾಗಿತ್ತು. ಅದನ್ನು ಇಳಿಸಿದವನು ಒಬ್ಬ ವಿದ್ಯಾರ್ಥಿ. 1856ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ತನ್ನ ಮನೆಯಲ್ಲೇ ಕಟ್ಟಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ ಕ್ವಿನೈನ್ ತಯಾರಿಸಲು ಹೊರಟಿದ್ದ. ಮಲೇರಿಯಾಕ್ಕೆ ಆಗ ಅದೇ ಮದ್ದು; ಅದನ್ನು ಸಿಂಕೋನಾ ಮರದ ತೊಗಟೆಯಿಂದ ತೆಗೆಯಬೇಕಿತ್ತು. ಕಲ್ಲಿದ್ದಲ ಟಾರಿನಿಂದ ಸಿಗುವ ವಸ್ತುಗಳಿಂದಲೇ ಅದನ್ನು ಮಾಡಬಹುದೆಂಬುದು ಅವನ ಗುರು ಹಾಫ್‌ಮನ್ನರ ಊಹೆ. ಆದರೆ ಪಾತ್ರೆಯ ತಳದಲ್ಲಿ ಉಳಿದದ್ದು ಕಪ್ಪು ಗಸಿ. ಹುಡುಗ ಅದನ್ನು ಚೆಲ್ಲಲಿಲ್ಲ. ಆಲ್ಕೊಹಾಲ್ ಹಾಕಿ ನೋಡಿದ. ಸೊಗಸಾದ ನೇರಳೆ ದ್ರವ ಹರಿಯಿತು. ರೇಷ್ಮೆಗೆ ಹಚ್ಚಿದರೆ ತೊಳೆದರೂ ಹೋಗಲಿಲ್ಲ. ಅವನಿಗೆ ಆಗ 18 ವರ್ಷ.

ಮುಂದಿನದು ತಂದೆತಾಯಂದಿರು ಓದಬೇಕಾದ ಭಾಗ. ಪರ್ಕಿನ್ ಓದು ಬಿಟ್ಟು ಬಣ್ಣದ ಕಾರ್ಖಾನೆ ತೆರೆಯುತ್ತೇನೆಂದ. ಗುರುಗಳಿಗೆ ಒಪ್ಪಿಗೆಯಾಗಲಿಲ್ಲ. ತಂದೆ ಮಾತ್ರ ತಮ್ಮ ಜೀವಮಾನದ ಉಳಿತಾಯವನ್ನು ಮಗನ ಕೈಗಿತ್ತರು, ಅಣ್ಣನೂ ಜತೆಗೂಡಿದ. 1857ರಲ್ಲಿ ಲಂಡನ್ ಬಳಿಯ ಗ್ರೀನ್‌ಫೋರ್ಡಿನಲ್ಲಿ ಕಾರ್ಖಾನೆ ಎದ್ದಿತು. ಮರುವರ್ಷ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಇದೇ ಛಾಯೆಯ ಉಡುಪು ತೊಟ್ಟಳು. ಆಮೇಲೆ ಕೇಳಬೇಕೆ? ಯೂರೋಪಿಗೆ ನೇರಳೆಯ ಹುಚ್ಚು ಹಿಡಿಯಿತು. 1861ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಲೌತ್ ಮೀಥೈಲ್ ವಯೊಲೆಟ್ ಎಂಬ ಇನ್ನೂ ಗಾಢವಾದ ಬಣ್ಣ ಮಾಡಿದ. ಕಾಪಿಯಿಂಗ್ ಪೆನ್ಸಿಲು, ಸ್ಟಾಂಪ್ ಪ್ಯಾಡು ಇವುಗಳಲ್ಲೆಲ್ಲ ಬಂದು ಕೂತದ್ದು ಈ ಮನೆತನದ ಬಣ್ಣಗಳೇ.

ಫ್ರಾನ್ಸಿನಲ್ಲಂತೂ ನೇರಳೆ ಶಾಯಿಯೇ ಶಾಲೆಯ ಶಾಯಿಯಾಯಿತು. ಡೆಸ್ಕಿನ ತೂತಿನಲ್ಲಿ ಕೂರಿಸಿದ ಪಿಂಗಾಣಿ ಮಸಿಕುಡಿಕೆ, ಅದರಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬು, ನೇರಳೆ ಅಕ್ಷರ ತುಂಬಿದ ಪುಸ್ತಕ. ಅಲ್ಲಿನ ಹಲವು ತಲೆಮಾರುಗಳ ಬಾಲ್ಯದ ಬಣ್ಣ ಅದು. ಹಳೆಯ ಕಬ್ಬಿಣದ ಶಾಯಿಯಂತೆ ಇದು ನಿಬ್ಬನ್ನು ತಿನ್ನುತ್ತಿರಲಿಲ್ಲ, ಬೆಲೆಯೂ ಕಡಿಮೆ. 1965ರಲ್ಲಿ ಶಾಲೆಗಳಲ್ಲಿ ಬಾಲ್ ಪೆನ್ನಿಗೆ ಅನುಮತಿ ಸಿಕ್ಕ ಮೇಲೆ ಮಸಿಕುಡಿಕೆಗಳು ಅಟ್ಟ ಸೇರಿದವು.

ಹರಳು ಹಸಿರು, ನೀರು ನೇರಳೆ

ಇನ್ನು ಮಿರುಗಿನ ವಿಚಾರ. ಶಾಯಿಗೆ ಚಿನ್ನದ ಪುಡಿ ಬೆರೆಸಿದ್ದಾರೆಂದು ಹಲವರು ತಿಳಿಯುತ್ತಾರೆ. ಹಾಗೆ ಮಿನುಗುಪುಡಿ ಬೆರೆಸಿದ ಶಾಯಿಗಳೂ ಇವೆ, ಅವು ಬೇರೆ ಜಾತಿ. ಫ್ರಾನ್ಸಿನ ಜೆ. ಎರ್ಬಿನ್ ಕಂಪೆನಿ 2017ರಲ್ಲಿ ತಂದ ‘ಅಮೆತಿಸ್ತ್ ದ ಲೂರಾಲ್’ ಅಂಥದ್ದು. ನೇರಳೆಯೊಳಗೆ ಬೆಳ್ಳಿಯ ಕಣಗಳು. ಸೀಸೆಯನ್ನು ಅಲುಗಾಡಿಸದೆ ಇಟ್ಟರೆ ಕಣಗಳು ತಳದಲ್ಲಿ ಕೂರುತ್ತವೆ. ನಾವು ಹೇಳುತ್ತಿರುವ ಮಿರುಗಿನ ಶಾಯಿಯ ತಳದಲ್ಲಿ ಏನೂ ಕೂರುವುದಿಲ್ಲ. ಅಲ್ಲಿರುವುದು ನೀರಿನಲ್ಲಿ ಕರಗಿದ ಬಣ್ಣ ಮಾತ್ರ.

ಹಾಗಾದರೆ ಹೊನ್ನು ಎಲ್ಲಿಂದ ಬಂತು? ವಿಜ್ಞಾನದ ವಿದ್ಯಾರ್ಥಿಗಳು ಕಾಲೇಜಿನ ಪ್ರಯೋಗಾಲಯದಲ್ಲಿ ಕ್ರಿಸ್ಟಲ್ ವಯೊಲೆಟ್ ಡಬ್ಬಿಯನ್ನು ಕಂಡಿರಬಹುದು. ಬ್ಯಾಕ್ಟೀರಿಯಾಗಳಿಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ವಿಧಾನಕ್ಕೆ ಬೇಕಾಗುವುದು ಅದೇ. ಮುಚ್ಚಳ ತೆಗೆದು ಒಳಗಿನ ಪುಡಿಯನ್ನು ನೋಡಿದವರಿಗೆ ಆಶ್ಚರ್ಯ ಕಾದಿರುತ್ತದೆ. ಹೆಸರಿಗೆ ನೇರಳೆಯಾದರೂ ಪುಡಿ ಮಾತ್ರ ಲೋಹದ ಹೊಳಪಿನ ಹಸಿರು! ಒಂದು ಚಿಟಿಕೆಯನ್ನು ನೀರಿಗೆ ಹಾಕಿದೊಡನೆ ಲೋಟವೆಲ್ಲ ನೇರಳೆ.

ಇದರ ಒಳಗುಟ್ಟು ಇಷ್ಟೆ. ನೇರಳೆ ಬಣ್ಣದ ದ್ರವ್ಯ ಬೆಳಕಿನಲ್ಲಿರುವ ಹಳದಿ ಮತ್ತು ಹಸಿರನ್ನು ಬಲವಾಗಿ ಹೀರಿಕೊಳ್ಳುತ್ತದೆ. ಅದು ಕಾಗದದ ನಾರಿನೊಳಗೆ ತೆಳ್ಳಗೆ ಹರಡಿಕೊಂಡಾಗ ಬೆಳಕು ಅದನ್ನು ಹಾದು ಕೆಳಗಿನ ಬಿಳಿಗೆ ತಾಗಿ ವಾಪಸಾಗುತ್ತದೆ. ಹಳದಿ, ಹಸಿರು ಕಳೆದು ಉಳಿದದ್ದು ನಮಗೆ ನೇರಳೆಯಾಗಿ ಕಾಣುತ್ತದೆ. ಆದರೆ ಅದೇ ದ್ರವ್ಯ ಕಾಗದದ ಮೇಲೆ ದಪ್ಪ ಪದರವಾಗಿ ಕೆನೆಗಟ್ಟಿದರೆ ಆಟವೇ ಬೇರೆ. ಯಾವ ಬಣ್ಣದ ಬೆಳಕನ್ನು ಅತಿಯಾಗಿ ಹೀರುತ್ತದೋ ಅದೇ ಬೆಳಕಿನ ಒಂದು ಪಾಲನ್ನು ಪದರದ ಮೇಲ್ಮೈ ಒಳಗೆ ಬಿಡದೆ ಲೋಹದಂತೆ ಹಿಂದಕ್ಕೆ ಎಸೆಯುತ್ತದೆ. ಹೀಗಾಗಿ ನೇರಳೆಯ ಮೇಲೆ ಹೊನ್ನು. ಗಾಢ ನೀಲಿ ಶಾಯಿ ಹೀರುವುದು ಕೆಂಪು ಕಡೆಯ ಬೆಳಕನ್ನು. ಅದರ ಮಿರುಗು ಕೆಂಪು. ಇಂಗ್ಲೆಂಡಿನ ಡಯಮೈನ್ ಕಂಪೆನಿಯ ‘ಮೆಜೆಸ್ಟಿಕ್ ಬ್ಲೂ’ ಬಳಸಿದವರು ಇದನ್ನು ಕಂಡಿರುತ್ತಾರೆ.

ಚಿನ್ನದ ತಗಡಿನಲ್ಲಿ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ. ಮೇಲಿನಿಂದ ನೋಡಿದರೆ ಅದು ಹಳದಿ. ಅತಿ ತೆಳ್ಳಗೆ ಬಡಿದ ಹಾಳೆಯನ್ನು ಬೆಳಕಿಗೆ ಅಡ್ಡ ಹಿಡಿದು ಅದರ ಮೂಲಕ ನೋಡಿದರೆ ಹಸಿರು-ನೀಲಿ. ಅಮ್ಮನ ಡಬಲ್ ಶೇಡ್ ರೇಷ್ಮೆ ಸೀರೆಯೂ ಮಡಿಸಿದಂತೆಲ್ಲ ಬಣ್ಣ ಬದಲಿಸುತ್ತದೆ, ನಿಜ. ಆದರೆ ಅದಕ್ಕೆ ಕಾರಣ ಹಾಸು ಮತ್ತು ಹೊಕ್ಕಿನ ನೂಲುಗಳು ಬೇರೆ ಬೇರೆ ಬಣ್ಣದವಾಗಿರುವುದು. ಶಾಯಿಯಲ್ಲಿ ಒಂದೇ ದ್ರವ್ಯ ಎರಡು ಮುಖ ತೋರಿಸುತ್ತದೆ. ಸೀರೆಗಿಂತ ಇದು ಹೆಚ್ಚಿನ ಸೋಜಿಗ ಎಂದು ನನಗೆ ಅನ್ನಿಸುತ್ತದೆ. ಸೀರೆ ಉಟ್ಟವರು ಒಪ್ಪಲಾರರು!

ಸೀಸೆಗಿಂತ ಮೊದಲು ಕಾಗದ

ಈಗ ಮೊದಲಿನ ಮಾತಿಗೆ ಬರೋಣ. ಬಣ್ಣ ಕಾಗದದ ಮೇಲೆ ಕೆನೆಗಟ್ಟಬೇಕಾದರೆ ಕಾಗದ ಅದನ್ನು ಕುಡಿಯಬಾರದು. ನಮ್ಮ ಮಕ್ಕಳ ಕೈಯಲ್ಲಿರುವ ಅಗ್ಗದ ನೋಟ್‌ಬುಕ್ಕುಗಳ ಹಾಳೆ ಬಾಯಾರಿದ ನೆಲದಂತೆ. ಶಾಯಿ ಬಿದ್ದೊಡನೆ ನಾರಿನ ಗುಂಟ ಹರಡಿ, ಅಕ್ಷರಕ್ಕೆ ಮೀಸೆ ಮೂಡಿ, ಹಿಂಬದಿಗೂ ಇಳಿಯುತ್ತದೆ. ಅಂಥ ಹಾಳೆಯ ಮೇಲೆ ಜಗತ್ತಿನ ಯಾವ ಶಾಯಿಯೂ ಮಿರುಗುವುದಿಲ್ಲ. ದುಬಾರಿ ಸೀಸೆ ತಂದು ‘ಅಂಗಡಿಯವನು ಮೋಸ ಮಾಡಿದ’ ಎಂದು ದೂರುವವರಲ್ಲಿ ಹಲವರು ದೂರಬೇಕಾದ್ದು ತಮ್ಮ ನೋಟ್‌ಬುಕ್ಕನ್ನು.

ಕಾಗದ ತಯಾರಿಸುವಾಗ ಗಂಜಿಯಂಥ ಪದಾರ್ಥವನ್ನು ಲೇಪಿಸಿ ನಾರುಗಳ ಬಾಯಿ ಕಟ್ಟುತ್ತಾರೆ. ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಂತೆಯೇ. ಈ ಕೆಲಸ ಚೆನ್ನಾಗಿ ನಡೆದ ಹಾಳೆಯ ಮೇಲೆ ಶಾಯಿ ಕೆಲವು ಕ್ಷಣ ಹನಿಯಾಗಿ ನಿಲ್ಲುತ್ತದೆ, ನೀರು ನಿಧಾನವಾಗಿ ಆರುತ್ತದೆ, ಬಣ್ಣ ಮೇಲೆಯೇ ಉಳಿಯುತ್ತದೆ. ಜಪಾನಿನ ಟೊಮೊಯೆ ರಿವರ್ ಎಂಬ ಕಾಗದ ಇದಕ್ಕೆ ಹೆಸರುವಾಸಿ. ಚದರ ಮೀಟರಿಗೆ 52 ಗ್ರಾಂ ತೂಗುವ, ಈರುಳ್ಳಿ ಸಿಪ್ಪೆಯಂಥ ಹಾಳೆ. ಆದರೂ ಶಾಯಿ ಹಿಂದಕ್ಕೆ ಇಳಿಯದು. ಅಂದರೆ ದಪ್ಪ ಕಾಗದವೇ ಒಳ್ಳೆಯದು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಫ್ರಾನ್ಸಿನ ರೋಡಿಯಾ ಪ್ಯಾಡುಗಳ ನುಣುಪು ಹಾಳೆಯೂ ಚೆನ್ನ. ಇವೆರಡೂ ನಮ್ಮಲ್ಲಿ ಅಗ್ಗವಲ್ಲ.

ಹಾಗೆಂದು ನಿರಾಶರಾಗಬೇಕಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ, ಅಥವಾ ನಿಮ್ಮೂರಿನ ದೊಡ್ಡ ಸ್ಟೇಷನರಿ ಅಂಗಡಿಯಲ್ಲಿ, ಬಾಂಡ್ ಪೇಪರನ್ನು ಬಿಡಿ ಹಾಳೆಗಳಾಗಿ ಕೇಳಿ ನೋಡಿ. ನಾಲ್ಕೈದು ಬಗೆಯ ಒಂದೊಂದೇ ಹಾಳೆ ತನ್ನಿ. ಒಂದೊಂದರ ಮೇಲೂ ಒಂದು ಹನಿ ಶಾಯಿ ಬಿಡಿ. ಹನಿಯ ಅಂಚು ಗುಂಡಗೆ, ಚೂಪಾಗಿ ನಿಂತ ಹಾಳೆ ಗೆದ್ದಿತು. ಅಂಚಿಗೆ ಮೀಸೆ ಬಂದದ್ದು ಸೋತಿತು. ಡ್ರಾಯಿಂಗಿಗೆ ಬಳಸುವ ಟ್ರೇಸಿಂಗ್ ಪೇಪರ್ ಇನ್ನೊಂದು ಉಪಾಯ. ಅದು ಶಾಯಿಯನ್ನು ಕುಡಿಯುವುದೇ ಇಲ್ಲವಾದ್ದರಿಂದ, ಶಾಯಿಗೆ ಮಿರುಗುವ ಗುಣ ಇದ್ದರೆ ಅಲ್ಲಿ ಕಾಣಲೇಬೇಕು. ಅಲ್ಲೂ ಕಾಣದಿದ್ದರೆ ಆ ಶಾಯಿಯ ಆಸೆ ಬಿಡುವುದು ಮೇಲು. ಒಂದು ಹಾಳೆಯ ಬೆಲೆಯಲ್ಲಿ ಮುಗಿಯುವ ಪರೀಕ್ಷೆ ಇದು.

ಯಾವ ನೇರಳೆ?

ಎಲ್ಲ ನೇರಳೆಗೂ ಮಿರುಗಿಲ್ಲ. ಬಣ್ಣದ ಪ್ರಮಾಣ ಹೆಚ್ಚಾಗಿ, ಶಾಯಿ ಗಾಢವಾಗಿದ್ದಷ್ಟೂ ಮಿರುಗುವ ಸಂಭವ ಹೆಚ್ಚು. ಫ್ರೆಂಚ್ ಶಾಲೆಗಳ ನೆನಪಿನ ಎರ್ಬಿನ್ ‘ವಿಯೊಲೆತ್ ಪಾನ್ಸೆ’ ತಿಳಿಯಾದ, ಸೌಮ್ಯ ಶಾಯಿ. ಬರೆಯಲು ಹಿತ, ಹೊನ್ನನ್ನು ಮಾತ್ರ ಅದರಿಂದ ನಿರೀಕ್ಷಿಸಬಾರದು. ಜಪಾನಿನ ಪೈಲಟ್ ಕಂಪೆನಿಯ ಇರೊಶಿಜುಕು ಮಾಲೆಯಲ್ಲಿರುವ ‘ಮುರಾಸಾಕಿ ಶಿಕಿಬು’ ನಡುವಿನದು. ಒಳ್ಳೆಯ ಕಾಗದದ ಮೇಲೆ, ಶಾಯಿ ನಿಂತ ಕಡೆಯಲ್ಲಷ್ಟೇ ನಾಚಿಕೊಂಡು ಮಿರುಗುತ್ತದೆ. ನೇರಳೆ ಕಾಯಿಗಳ ಗೊಂಚಲು ಬಿಡುವ ಒಂದು ಪೊದೆಯ ಹೆಸರು ಅದು. ಆ ಪೊದೆಗೋ, ಸಾವಿರ ವರ್ಷದ ಹಿಂದೆ ಗೆಂಜಿಯ ಕಥೆ ಬರೆದ ಲೇಖಕಿಯ ಹೆಸರು! ಶಾಯಿಯ ಸೀಸೆಗೆ ಇದಕ್ಕಿಂತ ತಕ್ಕ ಹೆಸರು ಬೇಕೆ?

ಜರ್ಮನಿಯ ಲೇಮಿ ಕಂಪೆನಿ 2016ರಲ್ಲಿ ಹೊರತಂದ ‘ಡಾರ್ಕ್ ಲೈಲಾಕ್’ ಇನ್ನೊಂದು ತುದಿ. ಗಾಢ ಜಂಬುನೇರಳೆ, ಅದರ ಮೇಲೆ ಧಾರಾಳವಾದ ಹೊನ್ನಿನ ಲೇಪ. ಆ ವರ್ಷಕ್ಕೆಂದು ಮಾತ್ರ ಮಾಡಿದ್ದರಿಂದ, ಮುಗಿದ ಮೇಲೆ ಉಳಿದ ಸೀಸೆಗಳಿಗೆ ಸಂಗ್ರಹಕಾರರು ಹಲವು ಪಟ್ಟು ಬೆಲೆ ಕಟ್ಟಿದರು. ವಿದ್ಯಾರ್ಥಿಗಳು ಈ ಹರಾಜಿನಿಂದ ದೂರ ಇರುವುದೇ ವಾಸಿ. ಶಾಯಿ ಬರೆಯುವುದಕ್ಕೆ ಇರುವಂಥದ್ದು, ಬ್ಯಾಂಕಿನಲ್ಲಿ ಇಡುವುದಕ್ಕಲ್ಲ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ. ಮಾರುವವರು ತೋರಿಸುವ ಬಣ್ಣದ ಚಿತ್ರಗಳನ್ನು ನೆಚ್ಚಬೇಡಿ. ಅಲ್ಲಿ ಶಾಯಿಯನ್ನು ಕುಂಚದಿಂದ ಬಳಿದು, ಅತ್ಯುತ್ತಮ ಕಾಗದದ ಮೇಲೆ ಒಣಗಿಸಿ, ದೀಪವನ್ನು ಬೇಕಾದ ಕೋನದಲ್ಲಿಟ್ಟು ಫೋಟೊ ತೆಗೆದಿರುತ್ತಾರೆ. ನಿಮ್ಮ ಸಣ್ಣ ನಿಬ್ಬಿನ ಗೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಕಾಣದೆ ಹೋಗಬಹುದು. ಕೆಲವು ಅಂಗಡಿಗಳು ಎರಡು ಮೂರು ಮಿ.ಲೀ. ಶಾಯಿಯನ್ನು ಚಿಕ್ಕ ಕುಪ್ಪಿಯಲ್ಲಿ ಕೊಡುತ್ತವೆ. ಮೊದಲು ಅದು. ಅದು ಸಿಗದಿದ್ದರೆ ಮೂವರು ಗೆಳೆಯರು ಸೇರಿ 30 ಮಿ.ಲೀ. ಸೀಸೆಯೊಂದನ್ನು ಹಂಚಿಕೊಳ್ಳಿ. ಈಗಿನ ಪೆನ್ನುಗಳ ಒಳಗಿನ ಕೊಳವೆ ಹಿಡಿಯುವುದು ಒಂದು ಮಿ.ಲೀ.ಗೂ ಕಡಿಮೆ, ಒಬ್ಬೊಬ್ಬರಿಗೂ ಹತ್ತಕ್ಕೂ ಹೆಚ್ಚು ಸಲ ತುಂಬಲು ಸಾಕಾಗುತ್ತದೆ. ಲೆಕ್ಕ ಹಾಕಿದರೆ ಸಿನಿಮಾ ಟಿಕೆಟ್ಟಿಗಿಂತ ಹೆಚ್ಚೇನೂ ಆಗದು.

ಮಿರುಗು ಬೇಡ, ನೇರಳೆ ಅಕ್ಷರ ಸಾಕು ಎನ್ನುವವರಿಗೆ ನಮ್ಮ ದೇಶದ ಕಂಪೆನಿಗಳ ನೇರಳೆ ಶಾಯಿಯೇ ಧಾರಾಳ. ಬರವಣಿಗೆ ತಿದ್ದುವ ವಯಸ್ಸಿನ ಮಕ್ಕಳಿಗೆ ಅದನ್ನೇ ಕೊಡಿ.

ಎಲ್ಲ ನೇರಳೆಯೂ ಪೆನ್ನಿಗಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸ್ಟಾಂಪ್ ಪ್ಯಾಡಿನ ಶಾಯಿ ಪೆನ್ನಿಗೆ ಹಾಕಿದರೆ ಪೆನ್ನು ಕೆಟ್ಟಂತೆಯೇ. ಪ್ರಯೋಗಾಲಯದ ಹಸಿರು ಪುಡಿಯನ್ನೋ ಗಾಯದ ಔಷಧವನ್ನೋ ಕರಗಿಸಿ ಮನೆಯಲ್ಲೇ ಶಾಯಿ ಮಾಡುವ ಸಾಹಸ ಬೇಡ. ಇನ್ನು ಮತದಾನದ ಶಾಯಿ. 1962ರ ಸಾರ್ವತ್ರಿಕ ಚುನಾವಣೆಯಿಂದ ಮೈಸೂರಿನ ಸರಕಾರಿ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, ತಯಾರಿಸುತ್ತಿರುವ ಶಾಯಿ ಅದು. ಹಚ್ಚುವಾಗ ನೇರಳೆಯಾಗಿ ಕಂಡರೂ ಅದರ ಜೀವಾಳ ಸಿಲ್ವರ್ ನೈಟ್ರೇಟ್. ಬೆಳಕು ತಾಗಿದಾಗ ಚರ್ಮದಲ್ಲೇ ಕಪ್ಪಾಗಿ ಉಳಿದುಬಿಡುತ್ತದೆ. ಬಣ್ಣದಲ್ಲಿ ನೆಂಟಸ್ತಿಕೆ, ಗುಣದಲ್ಲಿ ಅಲ್ಲ.

ಕೈಗೆ ಅಂಟುವ ಚಿನ್ನ

ಮಿರುಗಿಗೆ ಕೆಲವು ಕಷ್ಟಗಳೂ ಜತೆಯಲ್ಲೇ ಬರುತ್ತವೆ. ಬಣ್ಣ ಕಾಗದದೊಳಗೆ ಇಳಿಯದೆ ಮೇಲೆಯೇ ಕೂತಿರುವುದರಿಂದ ಬೆವರಿದ ಅಂಗೈ ತಾಗಿದರೆ ವಾರದ ನಂತರವೂ ಕಲೆಸಿಹೋಗಬಹುದು. ನಮ್ಮ ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಂತೂ ಗಾಳಿಯೇ ತೇವ. ಎಡಗೈಯಲ್ಲಿ ಬರೆಯುವ ಮಕ್ಕಳ ಪಾಡು ಕೇಳುವುದೇ ಬೇಡ. ಬರೆದ ಸಾಲಿನ ಮೇಲೆಯೇ ಅವರ ಕೈ ಸಾಗುತ್ತದೆ. ಇಂಥ ಮನೆಗಳ ಸಂಭಾಷಣೆ ಹೀಗಿರುತ್ತದೆ:

‘ಅಮ್ಮಾ, ಇಲ್ಲಿ ನೋಡು, ಅಕ್ಷರ ಚಿನ್ನ ಆಗಿದೆ!’

‘ಅಕ್ಷರ ಆಮೇಲೆ ನೋಡ್ತೀನಿ. ಮೊದಲು ಕೆನ್ನೆ ಮೇಲಿರೋದನ್ನ ತೊಳ್ಕೊಂಡು ಬಾರೇ.’

ಒಣಗಲಿ ಎಂದು ಬ್ಲಾಟಿಂಗ್ ಪೇಪರ್ ಒತ್ತಿದರೆ ಏನಾಗುತ್ತದೆ? ಮೇಲೆ ನಿಂತ ಶಾಯಿಯನ್ನು ಅದು ಹೀರಿಬಿಡುತ್ತದೆ, ಮಿರುಗೂ ಅದರೊಡನೆ ಹೋಗುತ್ತದೆ. ಹಾಗಾಗಿ ಬೇರೆ ದಾರಿಯಿಲ್ಲ, ಕಾಯಬೇಕು. ಪುಟ ಬರೆದು ಪುಸ್ತಕವನ್ನು ತೆರೆದಿಟ್ಟು ಎದ್ದುಹೋಗಿ. ಫ್ಯಾನಿನ ಕೆಳಗೆ ಹತ್ತು ನಿಮಿಷ, ಮಳೆಗಾಲದಲ್ಲಿ ಅರ್ಧ ಗಂಟೆ ಬಿಟ್ಟು ಬನ್ನಿ. ಕೈಯಡಿಗೆ ಒಂದು ಹಾಳೆ ಇಟ್ಟುಕೊಂಡು ಬರೆಯುವ ಹಳೆಯ ರೂಢಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅವಸರದ ತರಗತಿ ಟಿಪ್ಪಣಿಗೆ ಈ ಶಾಯಿ ತಕ್ಕುದಲ್ಲ ಎಂಬುದು ಇಷ್ಟರಲ್ಲೇ ತಿಳಿದಿರಬಹುದು.

ನಿಬ್ಬು ಸ್ವಲ್ಪ ಅಗಲವಾಗಿದ್ದು ಶಾಯಿಯನ್ನು ಧಾರಾಳವಾಗಿ ಬಿಡುವಂತಿರಬೇಕು. ಕೂದಲೆಳೆಯ ಗೆರೆ ಎಳೆಯುವ ನಿಬ್ಬಿನಿಂದ ಕೆನೆಗಟ್ಟುವಷ್ಟು ಶಾಯಿ ಇಳಿಯುವುದಿಲ್ಲ. ಒಂದು ಮಾತು ಕನ್ನಡಿಗರ ಪರವಾಗಿದೆ: ನಮ್ಮ ಲಿಪಿ ಗುಂಡಗಿನದು. ತಲೆಕಟ್ಟು, ಕೊಂಬು, ಒತ್ತು, ದೀರ್ಘ ಎಂದು ಪೆನ್ನು ತಿರುಗುವ, ನಿಲ್ಲುವ ಜಾಗಗಳು ಬೇಕಾದಷ್ಟಿವೆ. ಶಾಯಿ ಹೆಚ್ಚಾಗಿ ನಿಲ್ಲುವುದು ಅಲ್ಲೇ, ಮಿರುಗು ಮೊದಲು ಮೂಡುವುದೂ ಅಲ್ಲೇ. ನಿಧಾನವಾಗಿ, ಅಕ್ಷರವನ್ನು ಪೂರ್ತಿ ಮಾಡಿ ಬರೆದವರಿಗೆ ಅದು ಹೆಚ್ಚು ಕಾಣುತ್ತದೆ, ಗೀಚಿದವರಿಗೆ ಕಾಣುವುದಿಲ್ಲ. ಅಕ್ಷರ ಚೆನ್ನಾಗಿ ಬರೆ ಎಂದು ವರ್ಷಗಟ್ಟಲೆ ಹೇಳಿ ಸೋತ ತಂದೆತಾಯಂದಿರು ಈ ಅಂಶವನ್ನು ಗಮನಿಸಬಹುದು.

ಬಣ್ಣ ದಟ್ಟವಾಗಿರುವುದರಿಂದ ಪೆನ್ನನ್ನು ತಿಂಗಳಿಗೊಮ್ಮೆಯಾದರೂ ತೊಳೆಯಲೇಬೇಕು. ಇಲ್ಲದಿದ್ದರೆ ನಿಬ್ಬಿನ ಕೆಳಗಿನ ನಾಲಿಗೆಯಂಥ ಭಾಗದ ಸಣ್ಣ ಕಾಲುವೆಗಳಲ್ಲಿ ಶಾಯಿ ಗಟ್ಟಿಯಾಗಿ ಕೂರುತ್ತದೆ. ತಣ್ಣೀರಿನಲ್ಲಿ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿಳಿನೀರು ಬರುವ ತನಕ ತೊಳೆದರೆ ಸಾಕು. ಬಿಸಿನೀರು ಬೇಡ. ಕೊಳವೆಬಾವಿಯ ಗಡಸು ನೀರಿಗಿಂತ ಮನೆಯ ಫಿಲ್ಟರಿನ ನೀರು ಮೇಲು. ಒಂದು ಕಂಪೆನಿಯ ಶಾಯಿ ಇದ್ದ ಪೆನ್ನಿಗೆ ತೊಳೆಯದೆ ಇನ್ನೊಂದನ್ನು ಸುರಿಯಬೇಡಿ. ಎರಡೂ ಸೇರಿ ಗಸಿಯಾಗುವ ಸಂಭವವುಂಟು. ಶಾಯಿ ತುಂಬುವಾಗ ಕೆಳಗೆ ಹಳೆಯ ಪೇಪರ್ ಹಾಸಿ, ಸಮವಸ್ತ್ರ ಕಳಚಿಟ್ಟು ಕೂರಿ. ತೊಳೆದರೆ ಹೋಗುವ ರಾಯಲ್ ಬ್ಲೂ ಅಲ್ಲ ಇದು. ಬಿಳಿ ಅಂಗಿಯ ಮೇಲೆ ಬಿದ್ದರೆ ಕೂಡಲೇ ತಣ್ಣೀರಲ್ಲಿ ಹಿಂಡಬೇಕು. ಆಮೇಲೂ ನೆರಳು ಉಳಿದರೆ ಅದು ಅಂಗಿಯ ಹಣೆಬರಹ.

ಪರೀಕ್ಷೆಗೆ ಬೇಡ, ಪತ್ರಕ್ಕೆ ಇರಲಿ

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನೀಲಿ ಅಥವಾ ಕಪ್ಪು ಶಾಯಿಗೆ ಮಾತ್ರ ಅವಕಾಶ. ಉತ್ತರ ಪತ್ರಿಕೆಯಲ್ಲಿ ನೇರಳೆ ಕಂಡರೆ ಗುರುತು ಮಾಡಿದ್ದಾರೆಂಬ ಸಂಶಯಕ್ಕೂ ಎಡೆಯಾದೀತು. ಅರ್ಜಿ, ಚೆಕ್ಕು, ಸಹಿ ಇವಕ್ಕೂ ಬೇಡ. ಪರೀಕ್ಷೆಗೆ ಎರಡು ತಿಂಗಳು ಮುಂಚೆ ಆ ಪೆನ್ನನ್ನು ತೊಳೆದು ಒಳಗಿಟ್ಟು, ಪರೀಕ್ಷೆಯ ಪೆನ್ನಿನಲ್ಲೇ ಕೈ ಪಳಗಿಸಿಕೊಳ್ಳುವುದು ಜಾಣತನ.

ಪತ್ರಕ್ಕೆ, ದಿನಚರಿಗೆ, ಗೆಳತಿಯ ಹುಟ್ಟುಹಬ್ಬದ ಕಾರ್ಡಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಶಾಯಿ ಸಿಗುವುದು ಕಷ್ಟ. ಆಲಿಸಳ ಕಥೆ ಬರೆದ ಲೂಯಿಸ್ ಕ್ಯಾರೊಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಉಪನ್ಯಾಸಕನಾಗಿದ್ದ. 1870ರಿಂದ 1890ರವರೆಗೆ ಹೆಚ್ಚುಕಡಿಮೆ ಎಲ್ಲವನ್ನೂ ನೇರಳೆ ಶಾಯಿಯಲ್ಲೇ ಬರೆದ. ಮಕ್ಕಳಿಗೆ ಪತ್ರ ಬರೆಯುವುದೆಂದರೆ ಅವನಿಗೆ ಪ್ರಾಣ. ಬಂದ, ಹೋದ ಪತ್ರಗಳಿಗಾಗಿ ಅವನು ಇಟ್ಟಿದ್ದ ದಾಖಲೆ ಪುಸ್ತಕದ ಕೊನೆಯ ಸಂಖ್ಯೆ 98,721!

ಆದರೆ ನೇರಳೆ ಶಾಯಿ ನಂಬಿದವರೆಲ್ಲರನ್ನೂ ಕಾಪಾಡಿಲ್ಲ. ಚಿತ್ರಕಾರ ವಾನ್ ಗಾಗ್ 1888ರಲ್ಲಿ ದಕ್ಷಿಣ ಫ್ರಾನ್ಸಿನ ಮಾಂಟ್‌ಮಜೂರ್ ಬೆಟ್ಟದಲ್ಲಿ ಕೂತು ರೇಖಾಚಿತ್ರಗಳನ್ನು ಬರೆದ. ಅವುಗಳಲ್ಲಿ ಅವನು ಬಳಸಿದ ನೇರಳೆ ಶಾಯಿ ಇಂದು ಕಂದಾಗಿದೆ. ಹೊಸದಾಗಿ ಬಂದಿದ್ದ ಆ ಮೀಥೈಲ್ ವಯೊಲೆಟ್ ಬೆಳಕನ್ನು ತಾಳಿಕೊಳ್ಳುವ ಬಣ್ಣವಲ್ಲ. ಈಗಿನ ಶಾಯಿಗಳಲ್ಲೂ ಹೆಚ್ಚಿನ ನೇರಳೆಗಳಿಗೆ ಬಿಸಿಲೇ ಶತ್ರು. ಗೋಡೆಗೆ ಕಟ್ಟು ಹಾಕಿಸಿ ನೇತುಹಾಕುವುದನ್ನು ಈ ಶಾಯಿಯಲ್ಲಿ ಬರೆಯಬೇಡಿ. ಮುಚ್ಚಿದ ಪುಸ್ತಕದೊಳಗೆ, ಕಪಾಟಿನ ಕತ್ತಲಲ್ಲಿ ಇಟ್ಟ ದಿನಚರಿಗೆ ಅಷ್ಟು ಭಯವಿಲ್ಲ.

ನಿಮ್ಮ ಸೀಸೆಯಲ್ಲಿರುವುದು ಯಾವ ಜಾತಿ ಎಂದು ತಿಳಿಯಲು ಎರಡು ಸುಲಭದ ಪ್ರಯೋಗಗಳಿವೆ. ಬಿಳಿ ಚಾಕ್‌ಪೀಸಿನ ಬುಡದಿಂದ ಒಂದು ಬೆರಳಗಲ ಮೇಲೆ ಶಾಯಿಯ ಚುಕ್ಕೆ ಇಟ್ಟು, ಚುಕ್ಕೆಗೆ ತಾಗದಂತೆ ಬುಡವನ್ನು ತಟ್ಟೆಯ ನೀರಿನಲ್ಲಿ ನಿಲ್ಲಿಸಿ. ನೀರು ಮೇಲೇರುತ್ತ ಬಣ್ಣಗಳನ್ನು ಬೇರೆ ಮಾಡುತ್ತದೆ. ಕೆಲವು ನೇರಳೆಗಳು ಗುಲಾಬಿ ಮತ್ತು ನೀಲಿಯಾಗಿ ಒಡೆಯುತ್ತವೆ. ಇನ್ನು ಕೆಲವು ಒಂದೇ ಬಣ್ಣವಾಗಿ ಉಳಿಯುತ್ತವೆ. ಎರಡನೆಯದಕ್ಕೆ ತಾಳ್ಮೆ ಬೇಕು. ಒಳ್ಳೆಯ ಹಾಳೆಯ ಮೇಲೆ ಉದ್ದಕ್ಕೆ ನಾಲ್ಕು ದಪ್ಪ ಗೆರೆ ಎಳೆದು ಒಣಗಿಸಿ. ಅರ್ಧ ಭಾಗಕ್ಕೆ ಕಪ್ಪು ಕಾಗದ ಕಟ್ಟಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆದಿಡಿ. ಒಂದು ತಿಂಗಳ ಮೇಲೆ ಕಪ್ಪು ಕಾಗದ ಬಿಚ್ಚಿ ಎರಡೂ ಅರ್ಧಗಳನ್ನು ಅಕ್ಕಪಕ್ಕ ನೋಡಿ.